ಸಿರಿಗೇರಿಯ ಗದ್ದೆಯಲ್ಲಿ ಥಾಯ್ಲೆಂಡ್

ತಪ್ಪೆಲ್ಲ ಪಾಸ್‌ಪೋರ್ಟಿನ ಕೊನೆಯ ದಿನಾಂಕದ್ದು. ಚನ್ನಬಸವರಾಜ ಅದನ್ನು ನೋಡಿಯೇ ಇರಲಿಲ್ಲ ಎನ್ನುವಂತಿಲ್ಲ. ನೋಡಿದ್ದ. ಕನ್ನಡಕ ಒರೆಸಿಕೊಂಡು ನೋಡಿದ್ದ. ಅವಧಿ ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು. ಥಾಯ್ಲೆಂಡಿನಲ್ಲಿ ಇರುವುದು ಒಂದೇ ವಾರ. ನಾಲ್ಕು ತಿಂಗಳಲ್ಲಿ ಒಂದು ವಾರ ಕಳೆದರೆ ಬೇಕಾದಷ್ಟು ಉಳಿಯುತ್ತದೆ ಎಂಬುದು ಬಳ್ಳಾರಿಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ನಡೆಸಿ ತಲೆ ನರೆಸಿಕೊಂಡ ಅವನ ಲೆಕ್ಕ.

ಬೆಂಗಳೂರು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತಿದ್ದ ಹುಡುಗಿಯ ಲೆಕ್ಕ ಬೇರೆ ಇತ್ತು. "ಕನಿಷ್ಠ ಆರು ತಿಂಗಳು ಇರಬೇಕು ಸರ್," ಎಂದು ಪಾಸ್‌ಪೋರ್ಟನ್ನು ವಾಪಸು ಸರಿಸಿ, ಅವನ ಹಿಂದೆ ನಿಂತವರನ್ನು ಕರೆದಳು.

ಹಿಂದೆ ನಿಂತವರು ಅವನ ಗೆಳೆಯರೇ. ಜಂಬುನಾಥ, ಅವನ ಹೆಂಡತಿ ಸುಧಾರಾಣಿ, ಬೆಳಗಿನ ವಾಕಿಂಗಿನ ಇನ್ನಿಬ್ಬರು. ಎಲ್ಲರೂ ಸೇರಿ ಥಾಯ್ಲೆಂಡಿನ ಉತ್ತರದ ಗುಡ್ಡಗಾಡಿನಲ್ಲಿ ಒಂದು ವಾರ ಗುಡ್ಡ ಹತ್ತುವುದು, ಗದ್ದೆಗಳ ನಡುವೆ ಸೈಕಲ್ ತುಳಿಯುವುದು ಎಂದು ಆರು ತಿಂಗಳಿಂದ ತಯಾರಿ ನಡೆಸಿದ್ದರು. ಗೆಳೆಯರು ಮರುಗಿದರು, ಬೆನ್ನು ತಟ್ಟಿದರು, ಗಡಿಯಾರ ನೋಡಿಕೊಂಡು ಒಳಗೆ ಹೋದರು. ಹೋಗುವ ಮುಂಚೆ ಚನ್ನಬಸವರಾಜ ಜಂಬುನಾಥನ ಕೈ ಹಿಡಿದು ಕೇಳಿದ್ದು ಒಂದೇ ಮಾತು:

"ನಾ ಬಂದಿಲ್ಲ ಅಂತ ಯಾರಿಗೂ ಹೇಳಬ್ಯಾಡ್ರಪ. ನಮ್ಮನ್ಯಾಗಂತೂ ಬ್ಯಾಡೇ ಬ್ಯಾಡ."

ಅಂಜಿಕೆಗೆ ಕಾರಣವಿತ್ತು. ಸುಧಾರಾಣಿ ಹೊರಟಿದ್ದನ್ನು ನೋಡಿ ಅವನ ಹೆಂಡತಿ ಸುನಂದಾ ತಾನೂ ಬರುತ್ತೇನೆ ಎಂದಿದ್ದಳು. "ನಿನ್ನ ಮೊಣಕಾಲಿಗೆ ಮನಿ ಮೆಟ್ಲೇ ಗುಡ್ಡ. ಅಲ್ಲಿ ಬಂದು ಏನ್ ಮಾಡ್ತಿ?" ಎಂದು ಅವನು ನಕ್ಕಿದ್ದ. ಹೊರಡುವ ಹಿಂದಿನ ದಿನ ಅವಳು, "ಪಾಸ್‌ಪೋರ್ಟ್ ಒಮ್ಮಿ ಯಾರಿಗಾದ್ರೂ ತೋರಿಸ್ರಿ. ಮುಗಿಯಾಕ ಬಂದಂಗೈತಿ," ಎಂದಿದ್ದಳು. "ಇನ್ನೂ ನಾಕು ತಿಂಗ್ಳು ಐತಿ. ನನಗ ಹೇಳಾಕ ಬರಬ್ಯಾಡ," ಎಂದಿದ್ದ. ಆ ಮಾತು ಈಗ ಎದೆಯಲ್ಲಿ ನೆಲ್ಲಿಕಾಯಿ ಬೀಜದಂತೆ ಸಿಕ್ಕಿಕೊಂಡಿತ್ತು.

ಬೀಳ್ಕೊಡುಗೆಯೂ ಸಣ್ಣದಾಗಿರಲಿಲ್ಲ. ಪಾರ್ವತಿನಗರದ ಅವರ ಓಣಿಯಲ್ಲಿ ಯಾರೂ ಸೈಕಲ್ ತುಳಿಯಲು ವಿಮಾನ ಹತ್ತಿದವರಿರಲಿಲ್ಲ. ಎದುರು ಮನೆಯ ದಾಕ್ಷಾಯಣಮ್ಮ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿ ಆರತಿ ಎತ್ತಿ, ಕಾಯಿ ಒಡೆಸಿ, ಕೊರಳಿಗೆ ಸೇವಂತಿಗೆ ಹಾರ ಹಾಕಿದ್ದರು. "ದಿನಾ ಒಂದು ಫೋಟೋ ಕಳಸ್ಬೇಕು ನೋಡಪ. ಥಾಯ್ಲೆಂಡ್‌ಗೆ ಹೋದ ಗಂಡಸ್ರು ಬರೇ ಗುಡ್ಡ ಹತ್ತಿ ಬಂದೀವಿ ಅಂದ್ರ ಯಾರು ನಂಬ್ತಾರ?" ಎಂದು ಎಲ್ಲರೆದುರು ಹೇಳಿ ನಗಿಸಿದ್ದರು. ಸುನಂದಾ ನಕ್ಕಿರಲಿಲ್ಲ. "ಸೈಕಲ್ ಮ್ಯಾಲೆ ಕುಂತಿದ್ದೇ ಕಳಸ್ರಿ," ಎಂದಷ್ಟೇ ಹೇಳಿದ್ದಳು.

ಇವೆಲ್ಲಕ್ಕಿಂತ ಮೇಲೆ ಫ್ಲೆಕ್ಸು. ಸುನಂದಾಳ ತಮ್ಮ ಪರಶು ಮುಂದಿನ ಪಂಚಾಯಿತಿ ಚುನಾವಣೆಗೆ ನಿಲ್ಲುವ ಆಸೆಯಿಂದ ಎರಡು ವರ್ಷಗಳಿಂದ ಸಿಕ್ಕಿದ್ದಕ್ಕೆಲ್ಲ ಫ್ಲೆಕ್ಸ್ ಕಟ್ಟಿಸುತ್ತಿದ್ದ. ಭಾವನ ವಿದೇಶ ಪ್ರವಾಸವನ್ನು ಬಿಡುತ್ತಾನೆಯೇ? ಬಳ್ಳಾರಿ, ಕುರುಗೋಡು, ಸಿರುಗುಪ್ಪ, ನಡುವಿನ ಕ್ರಾಸುಗಳು, ಎಲ್ಲ ಕಡೆ ಕಟ್ಟಿಸಿದ್ದ. "ಥಾಯ್ಲೆಂಡ್ ದೇಶಕ್ಕೆ ಸೈಕಲ್ ಹಾಗೂ ಪರ್ವತಾರೋಹಣ ಪ್ರವಾಸ ಕೈಗೊಂಡಿರುವ ಶ್ರೀ ಚನ್ನಬಸವರಾಜ ಇವರಿಗೆ ಹಾರ್ದಿಕ ಶುಭಾಶಯಗಳು." ತಲೆಗೆ ಹೆಲ್ಮೆಟ್, ಕಣ್ಣಿಗೆ ಕರಿ ಕನ್ನಡಕ ಹಾಕಿದ ಭಾವ ಒಂದು ಮಗ್ಗುಲಲ್ಲಿ. ಅವನಿಗಿಂತ ಎರಡು ಪಟ್ಟು ದೊಡ್ಡದಾಗಿ ಕೈ ಮುಗಿದ ಪರಶು ಇನ್ನೊಂದು ಮಗ್ಗುಲಲ್ಲಿ. ಕೆಳಗೆ ಪರಶುವಿನ ಮೊಬೈಲ್ ನಂಬರು.

ವಿಮಾನ ನಿಲ್ದಾಣದಿಂದ ಬಸ್ಸು ಹಿಡಿದು ಬಳ್ಳಾರಿ ಮುಟ್ಟಿದಾಗ ಚನ್ನಬಸವರಾಜನನ್ನು ಮೊದಲು ಸ್ವಾಗತಿಸಿದ್ದೇ ಆ ಫ್ಲೆಕ್ಸು. ತನಗೇ ಶುಭ ಕೋರುತ್ತಿದ್ದ ಫ್ಲೆಕ್ಸಿನ ಕೆಳಗೆ ನಿಂತ ಅವನಿಗೆ ಮನೆಯ ಕಡೆ ಕಾಲು ಏಳಲಿಲ್ಲ. ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಕುರುಗೋಡಿನ ಬಸ್ಸು ಹತ್ತಿದ.

ಕುರುಗೋಡಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಹುಲುಗೇಶ ಅವನ ಜೊತೆ ಸಾಲಿ ಕಲಿತವನು. ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಗಿರಣಿಯ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಕಿಕೊಟ್ಟ. ಚನ್ನಬಸವರಾಜ ಅವನಿಂದ ದೊಡ್ಡ ಬಸವೇಶ್ವರನ ಮೇಲೆ ಆಣೆ ಮಾಡಿಸಿಕೊಂಡ: ಯಾರೇ ಕೇಳಲಿ, ಎಷ್ಟೇ ಒತ್ತಾಯ ಮಾಡಲಿ, ಚನ್ನಬಸವರಾಜ ಥಾಯ್ಲೆಂಡಿನಲ್ಲಿ ಇದ್ದಾನೆ ಎಂದೇ ಹೇಳಬೇಕು.

ಮೊದಲ ದಿನ ಸಿರುಗುಪ್ಪದ ಕಡೆ ಹೊಳೆ ದಂಡೆಯಲ್ಲಿ ಹುಲುಗೇಶ ಫೋಟೋ ತೆಗೆದ. ಎರಡನೆಯ ದಿನ ಕುರುಗೋಡಿನ ಗುಡ್ಡದ ಕಾಲುಭಾಗ ಹತ್ತಿ, ತುದಿಯಲ್ಲಿ ನಿಂತಂತೆ ಕಾಣುವ ಒಂದು ಬಂಡೆಯ ಮೇಲೆ ನಿಲ್ಲಿಸಿ ತೆಗೆದ. ಎರಡೂ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಮಿಂಚಿದವು. "ಥಾಯ್ಲೆಂಡ್‌ನಾಗೂ ನಮ್ಮಂಗ ಕಲ್ಲುಗುಡ್ಡ ಅದಾವಲ್ಲ, ಶಿವನ ಲೀಲೆ," ಎಂದು ದಾಕ್ಷಾಯಣಮ್ಮ ಬರೆದರು. ಸುನಂದಾ ಅವನೊಬ್ಬನಿಗೆ ಬರೆದದ್ದು ಇಷ್ಟೇ: "ಚಲೋ ಬಂದೈತಿ. ಸೈಕಲ್ ಮ್ಯಾಲಿಂದು ಇನ್ನೂ ಬಂದಿಲ್ಲ." ವಿಡಿಯೋ ಕಾಲ್ ಮಾಡಿ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಅವಳ ಮುಗ್ಧತೆ ಕಂಡು ಚನ್ನಬಸವರಾಜನಿಗೆ ಕರುಳು ಚುರ್ ಎಂದಿತು. ಹೀಗೆಯೇ ಗೆಳೆಯರು ವಾಪಸು ಬರುವ ಶನಿವಾರದವರೆಗೆ ದೂಡಿದರೆ ಸಾಕು. ಹೆಂಡತಿಯ ಮುಂದೆ ಮುಖ ಉಳಿಯುತ್ತದೆ.

ಮೂರನೆಯ ದಿನ ಬೆಳಿಗ್ಗೆ ಹುಲುಗೇಶನಿಗೆ ಬಿಡುವಿರಲಿಲ್ಲ. ಗಿರಣಿಯ ಮುಂದೆ ಜೋಳದ ಚೀಲಗಳ ಸಾಲು ರಸ್ತೆ ಮುಟ್ಟಿತ್ತು.

"ಸೈಕಲ್ ಫೋಟೋ ಬೇಕಂದ್ರ ಸಿರಿಗೇರಿ ಕಡಿ ಹೋಗು," ಎಂದ ಹುಲುಗೇಶ, ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತ. "ಕಾಲುವಿ ನೀರು ಬಿಟ್ಟಾರ, ನಾಟಿ ನಡದೈತಿ. ಎಲ್ಲಿ ನೋಡಿದ್ರೂ ಹಸರು. ಥಾಯ್ಲೆಂಡ್‌ನವ್ರು ಬಂದು ನೋಡಿದ್ರೂ ತಮ್ಮೂರೇ ಅಂತಾರ."

"ಫೋಟೋ ಯಾರು ತೆಗೀತಾರಲೇ?"

"ಫೋನೇ ತೆಗೀತೈತಿ. ಎಲ್ಲ್ಯಾದ್ರೂ ಒರಗಿಸಿ ಇಡು, ಓಡಿಹೋಗಿ ಸೈಕಲ್ ಹತ್ತು."

ಹೀಗೆ, ಸೈಕಲ್ ಪ್ರವಾಸಕ್ಕೆ ಹೊರಟ ಚನ್ನಬಸವರಾಜ ಹುಲುಗೇಶನ ಸೈಕಲ್ಲನ್ನು ಬಾಡಿಗೆಯ ಟಾಟಾ ಏಸ್‌ನಲ್ಲಿ ಹೇರಿಕೊಂಡು, ಅದರ ಪಕ್ಕದಲ್ಲಿ ತಾನೂ ಕೂತು ಸಿರಿಗೇರಿ ಮುಟ್ಟಿದ. ಕ್ರಾಸಿನಲ್ಲಿ ಇಳಿದೊಡನೆ ಫ್ಲೆಕ್ಸು ಎದುರಾಯಿತು. ಅದೇ ಹೆಲ್ಮೆಟ್ಟು, ಅದೇ ಕರಿ ಕನ್ನಡಕ ಈಗ ಅವನ ಮೈಮೇಲೂ ಇದ್ದವು. ಗಾಬರಿಯಿಂದ ಎರಡನ್ನೂ ಕಳಚಿ ಚೀಲಕ್ಕೆ ತುರುಕಿ, ತಲೆಗೆ ಟವೆಲ್ಲು ಕಟ್ಟಿಕೊಂಡು, ರಸ್ತೆ ಬಿಟ್ಟು ಗದ್ದೆಯ ದಾರಿ ಹಿಡಿದ.

ಹುಲುಗೇಶ ಸುಳ್ಳು ಹೇಳಿರಲಿಲ್ಲ. ಹೊಸ ನಾಟಿಯ ಮಡಿಗಳಲ್ಲಿ ಮೋಡ ಮುಖ ನೋಡಿಕೊಳ್ಳುತ್ತಿತ್ತು. ದೂರದ ಒಂದು ಮಡಿಯಲ್ಲಿ ಹೆಣ್ಣಾಳುಗಳ ಸಾಲು ಬಾಗಿಕೊಂಡಿತ್ತು. ಹತ್ತಿರದಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಚನ್ನಬಸವರಾಜ ಒಂದು ಬದುವನ್ನು ಆರಿಸಿದ. ಬದುವಿನ ತುದಿಗೆ ಹಳ್ಳದಿಂದ ನೀರೆತ್ತುವ ಪಂಪ್‌ಸೆಟ್ಟು, ಅದರ ಕಂಬಕ್ಕೆ ಸ್ಟಾರ್ಟರ್ ಡಬ್ಬಿ. ಫೋನ್ ಇಡಲು ಹೇಳಿ ಮಾಡಿಸಿದಂಥ ಜಾಗ.

ಮೊದಲ ಫೋಟೋದಲ್ಲಿ ಅವನಿಗಿಂತ ಮುಂಚೆ ಸೈಕಲ್ ಬಿದ್ದಿತ್ತು. ಎರಡನೆಯದರಲ್ಲಿ ಅವನು ಸರಿಯಾಗಿದ್ದ, ಆದರೆ ಹಿಂದೆ ರಸ್ತೆಯಲ್ಲಿ ಸಿರುಗುಪ್ಪದ ಬಸ್ಸು ಬೋರ್ಡಿನ ಸಮೇತ ಬಂದು ನಿಂತಿತ್ತು. ಮೂರನೆಯದರಲ್ಲಿ ಒಂದು ಎಮ್ಮೆ ಅವನಿಗಿಂತ ಆತ್ಮವಿಶ್ವಾಸದಿಂದ ಕ್ಯಾಮೆರಾ ನೋಡುತ್ತಿತ್ತು. ನಾಲ್ಕನೆಯದು ಬಂತು ನೋಡಿ: ಬಾಗಿದ ಮೈ, ಹಸಿರು ಗದ್ದೆ, ಮುಖದ ಮೇಲೆ ಎಳೆ ಬಿಸಿಲು. ಅಲ್ಲಿಯೇ ನಿಂತು ಓಣಿಯ ಗುಂಪಿಗೂ ಸುನಂದಾಳಿಗೂ ಕಳಿಸಿದ. "ಬೆಳಗಿನ ಸೈಕಲ್ ಸವಾರಿ. ಇಲ್ಲಿನ ಜನ ತುಂಬಾ ಒಳ್ಳೆಯವರು," ಎಂದೂ ಬರೆದ.

ಅಷ್ಟಕ್ಕೆ ಬಿಟ್ಟಿದ್ದರೆ ಈ ಕತೆ ಇರುತ್ತಿರಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಇನ್ನೊಂದು ತೆಗೆದರೆ ಹೇಗೆ ಎನಿಸಿತು. ಗಾಳಿಗೆ ಫೋನ್ ಅಲುಗಾಡುತ್ತಿತ್ತು. ಭದ್ರವಾಗಿ ಸಿಗಿಸಲೆಂದು ಸ್ಟಾರ್ಟರ್ ಡಬ್ಬಿಯ ಬಾಗಿಲು ತೆರೆದು ಒಳಗೆ ಕೈ ಹಾಕಿದ.

"ಏಯ್, ಯಾವನಲೇ ಅಂವ?"

ಬೆನ್ನ ಹಿಂದಿನ ಆ ದನಿಗೆ ಚನ್ನಬಸವರಾಜ ಫೋನ್ ಕಸಿದುಕೊಂಡು ಸೈಕಲ್ ಹತ್ತಿದ. ಓಡುವ ಅಗತ್ಯವೇ ಇರಲಿಲ್ಲ. ಆದರೆ ಮೂರು ದಿನ ಅಡಗಿಕೊಂಡಿದ್ದ ಮನುಷ್ಯನ ಕಾಲು ತಲೆಯನ್ನು ಕೇಳುವುದಿಲ್ಲ. ಮೂರು ತುಳಿತಕ್ಕೆ ಬದು ಮುಗಿಯಿತು. ಮುಂದಿನ ಚಕ್ರ ಒಂದು ಕಡೆ, ಅವನು ಇನ್ನೊಂದು ಕಡೆ, ಇಬ್ಬರೂ ಹಿಂದಿನ ದಿನವಷ್ಟೇ ನಾಟಿ ಮುಗಿದಿದ್ದ ಮಡಿಯೊಳಗೆ ಉರುಳಿದರು. ಏಳಲು ಹೋಗಿ ಇನ್ನೆರಡು ಸಲ ಬಿದ್ದ. ಅಷ್ಟರಲ್ಲಿ ಮಡಿಯ ಕಾಲುಭಾಗ ಎಮ್ಮೆ ಹೊರಳಾಡಿದಂತೆ ಆಗಿತ್ತು.

ಬದುವಿನ ಮೇಲೆ ಗದ್ದೆಯ ಒಡೆಯ ಅಂಜಿನಪ್ಪ ಕೈಯಲ್ಲಿ ಸಲಿಕೆ ಹಿಡಿದು ನಿಂತಿದ್ದ. ನಾಟಿಯ ಹೆಣ್ಣಾಳುಗಳ ಮುಂದಾಳು ಸಾವಂತ್ರಮ್ಮ ತನ್ನ ಸಾಲನ್ನೆಲ್ಲ ಕರೆದುಕೊಂಡು ಬಂದಳು.

"ಡಬ್ಬಿಗೆ ಯಾಕ ಕೈ ಹಾಕಿದ್ದಿ?" ಎಂದ ಅಂಜಿನಪ್ಪ.

"ಫೋಟೋ ತಕ್ಕಳಾಕತ್ತಿದ್ದೆ."

"ಡಬ್ಬಿದ್ದಾ?"

"ನಂದು."

"ನಿನ್ನ ಫೋಟೋ ನಮ್ಮ ಡಬ್ಬ್ಯಾಗ ಇರ್ತೈತೇನು?"

ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟುಕೊಂಡರು. ಅಂಜಿನಪ್ಪ ನಗಲಿಲ್ಲ. "ಹೋದ ತಿಂಗಳ ಇದೇ ಕಂಬದಿಂದ ಕೇಬಲ್ ಕೊಯ್ಕೊಂಡು ಹೋದ್ರು. ಕೇಳಿದ್ರ ಇಲ್ಲ್ಯಾರೂ ಕಂಡಿಲ್ಲ. ಇವತ್ತು ಕಂಡೆ."

"ಅಣ್ಣಾ, ನಾ ಕಳ್ಳ ಅಲ್ಲಪ," ಎಂದ ಚನ್ನಬಸವರಾಜ, ಬಾಯಿಯೊಳಗಿನ ಕೆಸರು ಉಗುಳಿ. "ಬಳ್ಳಾರ್ಯಾಗ ಸ್ವಂತ ಅಂಗಡಿ ಐತಿ ನಂದು. ಪಂಪ್‌ಸೆಟ್ ಸಾಮಾನಿಂದು. ಕೇಬಲ್ಲು, ಸ್ಟಾರ್ಟರು ಎಲ್ಲಾ ನಾನೇ ಮಾರ್ತೀನಿ."

ನಾಟಿಯ ಸಾಲು ಒಂದು ಹೆಜ್ಜೆ ಹತ್ತಿರ ಬಂತು.

"ಕದ್ದ ಮಾಲು ಎಲ್ಲಿಗೆ ಹೊಕ್ಕೈತಿ ಅಂತ ಕೇಳ್ತಿದ್ದೆಲ್ಲ ಅಂಜಿನಪ್ಪಣ್ಣ," ಎಂದಳು ಸಾವಂತ್ರಮ್ಮ. "ಕೇಳಿದ್ದಕ್ಕ ಅವನೇ ವಿಳಾಸ ಕೊಟ್ಟ ನೋಡು."

ಅಂಜಿನಪ್ಪ ಈಗ ಪೊಲೀಸರ ಮಾತು ತೆಗೆದ. ಠಾಣೆಗೆ ಹೋದರೆ ಹೆಸರು ಬರೆಯುತ್ತಾರೆ, ಮನೆಗೆ ಸುದ್ದಿ ಹೋಗುತ್ತದೆ. ಸುನಂದಾಳ ಮುಂದೆ ನಿಲ್ಲುವುದು ಬೇರೆ. ಕೇಬಲ್ ಕಳ್ಳನಾಗಿ ನಿಲ್ಲುವುದು ಬೇರೆ. ಮೂರು ದಿನ ಯಾವುದಕ್ಕೆ ಹೆದರಿ ಮುಖ ಮುಚ್ಚಿಕೊಂಡಿದ್ದನೋ ಅದನ್ನೇ ಹಿಡಿದುಕೊಳ್ಳದೆ ದಾರಿ ಉಳಿಯಲಿಲ್ಲ.

"ಕ್ರಾಸಿನಾಗ ಫ್ಲೆಕ್ಸ್ ಐತಲ್ರಿ," ಎಂದ. "ಅದ್ರಾಗ ಇರೋನು ನಾನೇ. ಬರ್ರಿ, ತೋರಸ್ತೀನಿ."

ಮೆರವಣಿಗೆ ಕ್ರಾಸಿಗೆ ಬಂತು. ಮುಂದೆ ಸೈಕಲ್ ಹೊತ್ತ ಚನ್ನಬಸವರಾಜ, ಹಿಂದೆ ಸಲಿಕೆ, ಅದರ ಹಿಂದೆ ನಾಟಿಯ ಸಾಲು. ಚಹಾದಂಗಡಿಯವರೂ ಗ್ಲಾಸು ಹಿಡಿದುಕೊಂಡೇ ಕೂಡಿಕೊಂಡರು. ಫ್ಲೆಕ್ಸಿನಲ್ಲಿದ್ದವನು ಬೆಳ್ಳಗಿದ್ದ, ತಲೆಯ ಹೆಲ್ಮೆಟ್ ಕೆಳಗಿನ ಕೂದಲು ಕಪ್ಪಗಿತ್ತು. ಫ್ಲೆಕ್ಸ್ ಅಂಗಡಿಯವನು ಪರಶುವಿನ ಮಾತಿನಂತೆ ಹತ್ತು ವರ್ಷ ಕಡಿಮೆ ಮಾಡಿದ್ದ. ಕೆಳಗೆ ನಿಂತವನು ತಲೆಯಿಂದ ಕಾಲಿನವರೆಗೆ ಒಂದೇ ಬಣ್ಣ. ಚೀಲದಿಂದ ಹೆಲ್ಮೆಟ್ಟು ತೆಗೆದು ಹಾಕಿಕೊಂಡು, ಕರಿ ಕನ್ನಡಕ ಏರಿಸಿ, ಅದೇ ಭಂಗಿಯಲ್ಲಿ ನಿಂತ.

ಅಂಜಿನಪ್ಪ ಮೇಲೆ ನೋಡಿದ, ಕೆಳಗೆ ನೋಡಿದ.

"ಸ್ವಲ್ಪ ಹೋಲ್ತಾನ," ಎಂದ. ಚನ್ನಬಸವರಾಜನಿಗೆ ಜೀವ ಬಂತು. "ಆದ್ರ ನಿನಗ ಓದಾಕ ಬರ್ತೈತೇನು?"

"ಬರ್ತೈತಿ."

"ಏನ್ ಬರದೈತಿ ಓದು."

ಚನ್ನಬಸವರಾಜ ಓದಿದ. "ಥಾಯ್ಲೆಂಡ್ ದೇಶಕ್ಕೆ ಪ್ರವಾಸ ಕೈಗೊಂಡಿರುವ…" ಅಲ್ಲಿಗೆ ದನಿ ಇಳಿಯಿತು.

"ಸಾಹೇಬ್ರು ಫಾರಿನ್‌ನಾಗ ಅದಾರಂತ ಊರಿಗೆಲ್ಲ ಗೊತ್ತೈತಿ," ಎಂದ ಅಂಜಿನಪ್ಪ. "ಅವ್ರ ಹೆಸ್ರು ಹೇಳಿಕೊಂಡು ಅವ್ರಂಗ ಟೋಪಿ ಗೀಪಿ ಹಾಕ್ಕೊಂಡು ತಿರಗಾಕತ್ತಿ. ಬರೇ ಕಳ್ಳ ಅಲ್ಲ ನೀನು."

ಚನ್ನಬಸವರಾಜ ಹುಲುಗೇಶನ ಹೆಸರು ಹೇಳಿದ. ಗಿರಣಿ ಹುಲುಗೇಶನನ್ನು ಬಲ್ಲವರು ಗುಂಪಿನಲ್ಲಿ ಇದ್ದರು. ಸ್ಪೀಕರ್ ಹಾಕಿ ಫೋನ್ ಮಾಡಿದರು. ಹಿಂದೆ ಗಿರಣಿಯ ಸದ್ದು.

"ಹುಲುಗೇಶಣ್ಣ, ಬಳ್ಳಾರಿ ಚನ್ನಬಸವರಾಜ ಅಂಬೋರು ನಿನಗ ಗುರ್ತೇನು?"

"ಗುರ್ತದಾನ. ನನ್ನ ಗೆಳೆಯ."

"ಈಗೆಲ್ಲಿ ಅದಾರ ಅವ್ರು?"

ಚನ್ನಬಸವರಾಜ ಫೋನಿನ ಕಡೆ ಬಾಗಿ, "ಹುಲುಗಾ, ನಾನಲೇ, ಖರೇ ಹೇಳು," ಎಂದ.

ಗಿರಣಿ ನಿಂತ ಸದ್ದು ಕೇಳಿಸಿತು. ಹುಲುಗೇಶ ಯೋಚಿಸಿದ. ಯಾರೇ ಕೇಳಲಿ, ಎಷ್ಟೇ ಒತ್ತಾಯ ಮಾಡಲಿ ಎಂದು ಗೆಳೆಯನೇ ಹೇಳಿದ್ದ; ಅವನ ಕೊರಳಿನ ಮೇಲೆ ಯಾರೋ ಕುಳಿತು ಒತ್ತಾಯ ಮಾಡುತ್ತಿರುವಂತೆ ಕೇಳಿಸುತ್ತಿತ್ತು.

"ಥಾಯ್ಲೆಂಡ್‌ನಾಗ ಅದಾನ," ಎಂದ ಹುಲುಗೇಶ ಗಟ್ಟಿಯಾಗಿ. "ಬಸವಣ್ಣನ ಆಣಿಗೂ ಥಾಯ್ಲೆಂಡ್‌ನಾಗ ಅದಾನ. ನನ್ನ ಕೊಯ್ದು ಹಾಕಿದ್ರೂ ಇದೇ ಮಾತು." ಫೋನ್ ಕಟ್ಟಾಯಿತು.

"ಬಸವಣ್ಣನ ಆಣಿ ಮಾಡಿ ಹೇಳ್ಯಾನ," ಎಂದಳು ಸಾವಂತ್ರಮ್ಮ. "ಇನ್ನ ಬಾಯಿ ಮುಚ್ಚು."

ಚಹಾದಂಗಡಿಯವರಲ್ಲಿ ಒಬ್ಬ ಫ್ಲೆಕ್ಸಿನ ಕೆಳಗಿನ ನಂಬರು ಒತ್ತಿ ಸುದ್ದಿ ಹೇಳಿದ್ದ. ಪರಶುವಿನ ದನಿ ಮೈಕು ಹಿಡಿದಂತೆ ಬಂತು.

"ಯಾವನೋ ಅಂವ ನಮ್ಮ ಭಾವನ ಹೆಸ್ರಿನಾಗ ಸಿಕ್ಕೋನು? ಭಾವ ಬೆಳಿಗ್ಗೆನೇ ಫೋಟೋ ಕಳಿಸ್ಯಾರ, ನೋಡಿ ಸ್ಟೇಟಸ್ ಹಾಕೀನಿ. ಅಲ್ಲಿನ ಜನ ಬಾಳ ಒಳ್ಳ್ಯಾರಂತ. ಅವನ್ನ ಬಿಡಬ್ಯಾಡ್ರಿ ಅಣ್ಣ. ಹುಡುಗ್ರನ್ನ ಕರ್ಕೊಂಡು ಈಗ ಹೊಂಟೆ. ವಿಡಿಯೋ ಮಾಡಿ ಇಟ್ಟಿರ್ರಿ, ಊರಿಗೆಲ್ಲ ಹಾಕೋಣು."

"ಪರಶೂ, ನಾನೋ," ಎಂದು ಚನ್ನಬಸವರಾಜ ಕೂಗುವಷ್ಟರಲ್ಲಿ ಆ ಕಡೆ ಗಾಡಿಯ ಬಾಗಿಲು ಬಡಿದ ಸದ್ದು ಬಂದು ಫೋನ್ ನಿಂತಿತು.

ಬಳ್ಳಾರಿಯಿಂದ ಸಿರಿಗೇರಿಗೆ ಪರಶು ಓಡಿಸುವ ವೇಗಕ್ಕೆ ಒಂದು ತಾಸು ಸಾಕು. ಆಮೇಲೆ ಏನಾಗುತ್ತದೆ ಎಂಬುದು ಚನ್ನಬಸವರಾಜನಿಗೆ ಕಣ್ಣಿಗೆ ಕಟ್ಟಿತು. ಪರಶು ಗುರುತು ಹಿಡಿಯುತ್ತಾನೆ. ವಿಡಿಯೋ ಆಗಲೇ ಊರಿಗೆ ಹೋಗಿರುತ್ತದೆ. ದಾಕ್ಷಾಯಣಮ್ಮ ಅದನ್ನು ಓಣಿಯ ಗುಂಪಿನಲ್ಲಿ ಹಾಕಿ ಶಿವನ ಲೀಲೆ ಎಂದು ಬರೆಯುತ್ತಾರೆ. ಅದಕ್ಕಿಂತ ಹೆಂಡತಿಯೊಬ್ಬಳ ಕಾಲಿಗೆ ಬೀಳುವುದು ಅಗ್ಗ. ಅವಳು ಬೈಯುತ್ತಾಳೆ, ಜೀವ ಇರುವವರೆಗೆ ಆಡಿ ತೋರಿಸುತ್ತಾಳೆ. ಆದರೆ ನನ್ನ ಗಂಡ ಹೌದು ಎಂದು ಹೇಳಿ ಬಿಡಿಸುತ್ತಾಳೆ.

"ನನ್ನ ಹೆಂಡ್ತಿಗೆ ವಿಡಿಯೋ ಕಾಲ್ ಹಚ್ತೀನಿ," ಎಂದ. "ಆಕಿ ಹೇಳಿದ್ರ ನಂಬ್ತೀರೇನು?"

ಅಂಜಿನಪ್ಪ ಸಾವಂತ್ರಮ್ಮನ ಮುಖ ನೋಡಿದ. "ಹೆಂಡ್ತಿ ಹೇಳಿದ್ಮ್ಯಾಲೆ ಮುಗೀತು," ಎಂದಳು ಅವಳು. "ಆದ್ರ ಫೋನ್ ನಾ ಹಿಡಕೊಂತೀನಿ."

ಫೋನ್ ಬಹಳ ಹೊತ್ತು ಬಡಿದುಕೊಂಡಿತು. ಆಮೇಲೆ ಪರದೆ ತೆರೆಯಿತು. ಚನ್ನಬಸವರಾಜ ತಾನು ಕಟ್ಟಿಕೊಂಡಿದ್ದ ಮಾತನ್ನೆಲ್ಲ ಮರೆತ.

ಪರದೆಯಲ್ಲಿ ಸುನಂದಾ ಇದ್ದಳು. ಅವಳ ತಲೆಯ ಮೇಲೆ ಕೆಂಪು ಹೆಲ್ಮೆಟ್ ಇತ್ತು. ಮುಖ ಬೆವರಿತ್ತು. ಒಂದು ಕೈ ಸೈಕಲ್ಲಿನ ಹ್ಯಾಂಡಲ್ ಮೇಲಿತ್ತು. ಬೆನ್ನ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆ, ಅದರಾಚೆ ಮಂಜು ಹೊದ್ದ ಗುಡ್ಡದ ಸಾಲು. ಬದುವಿನ ಮೇಲೆ ಸುಧಾರಾಣಿ ನೀರು ಕುಡಿಯುತ್ತಿದ್ದಳು. ಜಂಬುನಾಥ ಕ್ಯಾಮೆರಾದೊಳಗೆ ಇಣುಕಿ, ಗೆಳೆಯನನ್ನು ಕಂಡು, ಹಾವು ತುಳಿದವನಂತೆ ಹಿಂದೆ ಸರಿದ.

"ನೀ… ನೀ ಎಲ್ಲಿದ್ದಿ?" ಎಂದ ಚನ್ನಬಸವರಾಜ.

ಸುನಂದಾ ಅವನನ್ನು ಬಿಟ್ಟು, ಫೋನ್ ಹಿಡಿದಿದ್ದ ಸಾವಂತ್ರಮ್ಮನಿಗೆ, "ಯಾರವ್ವ ನೀವು? ಏನಾಗೈತಿ?" ಎಂದು ಕೇಳಿದಳು. ಸಾವಂತ್ರಮ್ಮ ಕೇಬಲ್ಲು, ಡಬ್ಬಿ, ಮಡಿ, ಫ್ಲೆಕ್ಸು ಎಲ್ಲ ಒಂದೇ ಉಸಿರಿಗೆ ಹೇಳಿ, "ತಾ ನಿಮ್ಮ ಗಂಡ ಅಂತಾನವ್ವ ಇಂವ. ನೀವ್ಯಾವೂರಾಗ ಅದೀರಿ?" ಎಂದಳು.

"ಥಾಯ್ಲೆಂಡ್‌ನಾಗ."

"ಮತ್ತ ಮುಗೀತಲ್ಲ," ಎಂದ ಅಂಜಿನಪ್ಪ. "ಗಂಡನ್ನ ಇಲ್ಲಿ ಬಿಟ್ಟು ಹೆಂಡ್ತಿ ಒಬ್ಬಾಕಿ ಫಾರಿನ್‌ಗೆ ಹೋಗ್ತಾಳೇನು?"

"ಸುನಂದಾ, ಹೇಳು ಇವರಿಗೆ. ನಾನು ಅಂತ ಹೇಳು," ಎಂದು ಚನ್ನಬಸವರಾಜ ಕೈ ಮುಗಿದ. ಸಾವಂತ್ರಮ್ಮ ಫೋನನ್ನು ಅವನ ಮುಖದ ಹತ್ತಿರ ಹಿಡಿದಳು. "ಚಲೋ ನೋಡ್ರಿ ಅವ್ವಾ. ಇಂವ ನಿಮ್ಮನಿಯವ್ರೇನು?"

ಸುನಂದಾ ನೋಡಿದಳು. ಸೀರೆಯಂಗಡಿಯಲ್ಲಿ ಸೆರಗು ಬಿಚ್ಚಿಸಿ ನೋಡುವಂತೆ, ಅವಸರವಿಲ್ಲದೆ, ಹೆಲ್ಮೆಟ್ಟಿನಿಂದ ಗದ್ದದವರೆಗೆ ನೋಡಿದಳು.

"ನಮ್ಮನಿಯವ್ರು ಇಲ್ಲಿಗೆ ಬಂದು ಮೂರು ದಿನ ಆತ್ರಿ," ಎಂದಳು ನಿಧಾನವಾಗಿ. "ನಿನ್ನೆ ದೊಡ್ಡ ಗುಡ್ಡ ಹತ್ತಿ ಊರಿಗೆಲ್ಲ ಫೋಟೋ ಕಳಿಸ್ಯಾರ. ಬೆಳಿಗ್ಗೆ ಸೈಕಲ್ ಹೊಡೆದಿದ್ದು ಕಳಿಸ್ಯಾರ. ಅಂಥವ್ರು ಅಲ್ಲಿ ನಿಮ್ಮ ಗದ್ದ್ಯಾಗ ಹೆಂಗ ಬೀಳ್ತಾರವ್ವ? ಇವ್ರು ಯಾರೋ ಪಾಪ. ನನಗ ಗುರ್ತಿಲ್ಲ."

ಚನ್ನಬಸವರಾಜ ಹೆಲ್ಮೆಟ್ಟು, ಕನ್ನಡಕ ಎರಡನ್ನೂ ಕಿತ್ತು ಫೋನಿಗೆ ಮುಖ ಒಡ್ಡಿದ.

"ಹೊಡಿಬ್ಯಾಡ್ರಿ ಮತ್ತ," ಎಂದಳು ಸುನಂದಾ. "ಪೊಲೀಸು ಗಿಲೀಸು ಬ್ಯಾಡ. ನೋಡಿದ್ರ ಕಳ್ಳ ಅನ್ನಿಸೋದಿಲ್ಲ, ಅಷ್ಟು ಬುದ್ಧಿ ಇರೋ ಮಾರಿ ಅಲ್ಲದು. ಹಾಳು ಮಾಡಿದ ಮಡಿಗೆ ಅವನ ಕೈಲೇ ನಾಟಿ ಹಚ್ಚಿಸ್ರಿ, ಬಿಟ್ಟು ಕಳಸ್ರಿ. ನನ್ನ ತಮ್ಮಗ ನಾನೇ ಫೋನ್ ಮಾಡಿ ಬರಬ್ಯಾಡ ಅಂತೀನಿ."

ಪರದೆ ಕಪ್ಪಾಯಿತು. ಫಾರಿನ್‌ನಲ್ಲಿ ಕೂತು ಇಷ್ಟು ಸರಿಯಾಗಿ ನ್ಯಾಯ ಹೇಳಿದ ಹೆಣ್ಣುಮಗಳನ್ನು ಸಿರಿಗೇರಿ ಕ್ರಾಸು ಮೆಚ್ಚಿಕೊಂಡಿತು. ಚಹಾದಂಗಡಿಯವರು ಗ್ಲಾಸು ತೊಳೆಯಲು ಹೋದರು. ಅಂಜಿನಪ್ಪ ಅಪರಾಧಿಯನ್ನು ಮಡಿಯ ಕಡೆ ತಿರುಗಿಸಿದ.

ಬದುವಿನ ಮೇಲೆ ಪ್ಯಾಂಟು ಮಡಚುತ್ತಿದ್ದಾಗ ಫೋನ್ ಮತ್ತೆ ಬಡಿಯಿತು. ಈ ಸಲ ಬರೀ ದನಿ. ಸಾವಂತ್ರಮ್ಮ ಅದನ್ನು ಅವನ ಕೈಗೆ ಕೊಟ್ಟು, ಸಸಿಯ ಕಟ್ಟು ತರಲು ನಡೆದಳು.

"ಸುನಂದಾ," ಎಂದ ಅವನು, "ನನ್ನ ಗುರ್ತಿಲ್ಲ ಅಂದೆಲ್ಲ?"

"ನಾ ಹೌದು ಅಂದಿದ್ರ ಏನಾಗ್ತಿತ್ತು? ಥಾಯ್ಲೆಂಡ್‌ನಾಗ ಇರೋ ನಿಮ್ಮನ್ನ ಇಡೀ ಬಳ್ಳಾರಿ ಸಿರಿಗೇರ್ಯಾಗ ನೋಡ್ತಿತ್ತು. ಪರಶೂನ ಫ್ಲೆಕ್ಸ್‌ಗೆ ಜನ ಸೆಗಣಿ ಹೊಡಿತಿದ್ರು. ನಿಮ್ಮ ಮರ್ಯಾದಿ ಉಳಿಸೀನ್ರಿ ನಾನು."

"ನೀ ಹೆಂಗ ಹೋದಿ ಅಲ್ಲಿಗೆ?"

"ಆ ರಾತ್ರಿ ವಿಮಾನ ಹತ್ತೋ ಮೊದ್ಲೇ ಸುಧಾ ಫೋನ್ ಮಾಡಿದ್ಲು. ನಿಮ್ಮ ಸೈಕಲ್ಲು, ನಿಮ್ಮ ಊಟ, ಎಲ್ಲಾದಕ್ಕೂ ರೊಕ್ಕ ಕಟ್ಟೈತಿ, ವಾಪಸ್ ಬರಂಗಿಲ್ಲ, ನೀ ಬಾ ಅಂದ್ಲು. ಹೋದ ವರ್ಷ ನಾನೂ ಸುಧಾನೂ ಕೂಡೇ ಪಾಸ್‌ಪೋರ್ಟ್ ಮಾಡ್ಸಿದ್ವಿ. ಮರುದಿನ ಟಿಕೆಟ್ ತಗೊಂಡು ಬಂದೆ. ಪರಶೂಗ ನೀವೇ ಕರ್ಸೀರಿ ಅಂತ ಹೇಳೀನಿ. ಬಾಳ ಖುಷಿಯಾದ, ನಮ್ಮ ಭಾವ ದೊಡ್ಡ ಮನುಷ್ಯ ಅಂದ."

"ಮೊಣಕಾಲು?"

"ಮೆಟ್ಲಾಗಷ್ಟೇ ನೋಯ್ತಾವು ಅವು. ಗುಡ್ಡದಾಗ ಏನೂ ಇಲ್ಲ."

ಆ ಕಡೆ ಯಾರೋ ಕರೆದರು. ಸೈಕಲ್ಲಿನ ಗಂಟೆ ಕೇಳಿಸಿತು.

"ನಾ ಮನಿಗೆ ಹೋಗ್ತೀನಿ ಸುನಂದಾ," ಎಂದ ಚನ್ನಬಸವರಾಜ. "ಸಾಕಾತು ನನಗ."

"ಹೆಂಗ ಹೋಗ್ತೀರಿ? ದಾಕ್ಷಾಯಣಮ್ಮ ಹಗಲೆಲ್ಲ ಕಟ್ಟೀ ಮ್ಯಾಲೇ ಕುಂದರ್ತಾರ. ಕೀಲಿ ಬ್ಯಾರೆ ನನ್ನ ಚೀಲದಾಗೈತಿ. ಶನಿವಾರ ನಾವು ಬಳ್ಳಾರಿಗೆ ಬರೋ ಮುಂದ ಊರ ಹೊರಗ ನಿಂತಿರ್ರಿ, ನಮ್ಮ ಜೋಡಿ ಗಾಡ್ಯಾಗ ಕುಂತು ಬರೂವಂತ್ರಿ. ಅಲ್ಲೀತನ ಥಾಯ್ಲೆಂಡ್ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ." ಆಮೇಲೆ ಸೇರಿಸಿದಳು: "ಮತ್ತ ಫೋಟೋ ತಪ್ಪಿಸಬ್ಯಾಡ್ರಿ. ಸೈಕಲ್ದು ಆತು. ದಾಕ್ಷಾಯಣಮ್ಮ ಈಗ ಅಲ್ಲಿನ ರೈತರ ಜೋಡಿ ನಿಂತಿದ್ದು ಕೇಳ್ಯಾರ."

ಫೋನ್ ನಿಂತಿತು. ಸಾವಂತ್ರಮ್ಮ ಸಸಿಯ ಕಟ್ಟನ್ನು ಅವನ ಎದೆಗೆ ಎಸೆದಳು. ಚನ್ನಬಸವರಾಜ ಮಡಿಯೊಳಗಿಳಿದ. ಮೊಣಕಾಲವರೆಗೆ ಕೆಸರು ಹಿಡಿದುಕೊಂಡಿತು. ಅವನು ಬಗ್ಗಿ ಎರಡು ಸಸಿ ಚುಚ್ಚಿ ಒಂದು ಹೆಜ್ಜೆ ಮುಂದೆ ಇಟ್ಟು, ಚುಚ್ಚಿದ್ದನ್ನು ತಾನೇ ತುಳಿದ.

"ಮುಂದಕ್ಕಲ್ಲೋ ಯಪ್ಪಾ, ಹಿಂದಕ್ಕ," ಎಂದಳು ಸಾವಂತ್ರಮ್ಮ. "ನಾಟಿ ಹಚ್ಚೋರು ಹಿಂದಕ್ಕ ನಡೀಬೇಕು."

ಅವನು ಹಿಂದಕ್ಕೆ ನಡೆಯತೊಡಗಿದ. ಒಂದು ಸಾಲು ಮುಗಿಯಿತು, ಎರಡನೆಯದು ಶುರುವಾಯಿತು. ನಡು ಬಿಲ್ಲಿನಂತೆ ಬಾಗಿ ಗಟ್ಟಿಯಾಯಿತು. ಮೂರನೆಯ ಸಾಲಿನ ನಡುವೆ ತಲೆ ಎತ್ತಿ, ಕಿಸೆಯಿಂದ ಫೋನ್ ತೆಗೆದು, ನಾಚಿಕೊಂಡೇ ಚಾಚಿದ.

"ಅವ್ವಾ, ಒಂದು ಫೋಟೋ ತೆಗಸ್ತಿಯೇನು? ನೀವೆಲ್ಲ ನನ್ನ ಹಿಂದ ನಿಂತಂಗ ಬರ್ಬೇಕು."

ಸಾವಂತ್ರಮ್ಮ ಅವನನ್ನು ನೋಡಿದಳು, ಅವನು ಹಚ್ಚಿದ್ದನ್ನು ನೋಡಿದಳು.

"ಇಷ್ಟು ಸೊಟ್ಟ ಸಾಲಿನ ಮುಂದ ನಾ ನಿಂದ್ರಂಗಿಲ್ಲಪ," ಎಂದಳು. "ಕಿತ್ತು ಮೊದ್ಲಿಂದ ಹಚ್ಚು. ಆಮ್ಯಾಲೆ ನೋಡೋಣು."